ಪೈಪುಗಳು ಸುಸ್ಥಿತಿಯಲ್ಲಿವೆ

ಹುಕ್ಕೇರಿ, ೧೪ ಜೂನ್ ೧೯೩೭, ಸೋಮವಾರ

ನೀರಿನ ದರ ಏರಿಸಲು ಸರಕಾರ ಈ ಸಲವೂ ಒಪ್ಪಲಿಲ್ಲ. ದರ ಏರದೆ ಹೊಸ ಪೈಪು ಹಾಕಿಸುವುದಿಲ್ಲವೆಂದು ನಮ್ಮ ನೀರಿನ ಕಂಪನಿಯ ಮಾಲೀಕರ ಹಟ. ಸರಕಾರ ಕೊಟ್ಟ ಕಾರಣವನ್ನು ಎರಡೆರಡು ಸಲ ಓದಿದೆ: 'ಪೈಪುಗಳು ಸುಸ್ಥಿತಿಯಲ್ಲಿವೆ.' ಹೋದ ವರ್ಷ ತಪಾಸಣೆಗೆ ಹೆದರಿ, ಕಂಪನಿಯ ಮ್ಯಾನೇಜರನಾಗಿ ನಾನೇ ಸರಕಾರಕ್ಕೆ ಬರೆದು ಕಳಿಸಿದ ವಾಕ್ಯ! ಗಟಾರದಲ್ಲಿ ಹಾಯುವ ಪೈಪು ಆಗಲೇ ತೂತಾಗಿತ್ತು. ದೇವರೇ, ಇನ್ನು ಯಾರ ಮುಂದೆ ಬಾಯಿ ಬಿಡಲಿ?

ಸಂಜೆ ನಳದ ಹತ್ತಿರ ನಮ್ಮ ಓಣಿಯ ಮುದುಕಿ ರೋಶನಬಿ ಕೊಡ ಹಿಡಿದು ನಿಂತಿದ್ದಳು. ಮೊಮ್ಮಗಳಿಗೆ ಮೂರು ದಿನದಿಂದ ವಾಂತಿಭೇದಿಯಂತೆ.

"ಸಾಹೇಬ್ರ, ಕೂಸಿಗೆ ಈ ನೀರು ಕುಡಸಬಹುದೇನ್ರಿ? ನೀವು ಹೂಂ ಅಂದ್ರ ಕುಡಸ್ತೇನ್ರಿ."

ನನ್ನ ಬಾಯಿಂದ ಮತ್ತೆ ಅದೇ ವಾಕ್ಯ ಬಂತು. "ಪೈಪ ಎಲ್ಲಾ ಛಲೋ ಅದಾವವಾ, ಕುಡಸು."

ಅವಳು ಕೊಡ ತುಂಬಿಕೊಂಡು ಹೋದಳು. ಈಗಲೇ ಎದ್ದು ಹೋಗಿ ಆ ನೀರು ಚೆಲ್ಲಿಸಬೇಕು. ಆದರೆ ಇಷ್ಟು ಹೊತ್ತಿಗೆ ಕೂಸು ಅದನ್ನು ಕುಡಿದುಬಿಟ್ಟಿದ್ದರೆ…