ಬೇಕರಿಯವಳ ಎಡಗಣ್ಣು

ಭಾನುವಾರ, ಹದಿನೇಳನೇ ತಾರೀಖು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮುಟ್ಟಿತು. ಎರಡು ಸಲ ಓದಿದೆ. ಅಪ್ಪ ಹೋಗಿ ಮೂರು ತಿಂಗಳೂ ತುಂಬಿಲ್ಲ, ಅರವತ್ತೆರಡರಲ್ಲಿ ನಿನಗೆಂಥ ಕೆಲಸದ ಹುಚ್ಚು, ಒಂದು ಹನಿ ಕಣ್ಣೀರಾದರೂ ಹಾಕಿದೆಯಾ ಎಂದು ಕೇಳಿದ್ದೀಯ. ಹಾಕಿಲ್ಲ. ಬರಲಿಲ್ಲ, ಅಷ್ಟೆ. ತಿಥಿ ಮುಗಿಸಿಕೊಂಡು ನೀನು ಹೊರಟುಹೋದ ಮೇಲೆ ಒಲೆ ಹಚ್ಚಿ, ಪಾತ್ರೆ ಇಡುವುದನ್ನೇ ಮರೆತು, ಉರಿ ನೋಡುತ್ತಾ ನಿಂತಿರುತ್ತಿದ್ದೆ. ದುಃಖವೂ ಇರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ.

ಈ ಕೆಲಸ ನಾನು ಹುಡುಕಿಕೊಂಡು ಹೋದದ್ದಲ್ಲ. ಕನ್ನಡಕ ಬದಲಿಸಲು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದಾಗ ಎದುರಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ವಯಸ್ಸಾದವರೊಬ್ಬರು ಕಿಟಕಿಯ ಬೆಳಕಿನಲ್ಲಿ ಕೃತಕ ಕಣ್ಣೊಂದಕ್ಕೆ ಬಣ್ಣ ಹಾಕುತ್ತಿದ್ದರು. ಕಣ್ಣು ಕಳೆದುಕೊಂಡವರಿಗೆ ಕೂರಿಸುತ್ತಾರಲ್ಲ, ಅದು. ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಅವರ ಕೈ ನಡುಗುತ್ತಿತ್ತು. ನೋಡಿ ನೋಡಿ ತಡೆಯಲಾರದೆ ಒಳಗೆ ಹೋಗಿ ಅವರ ಪಕ್ಕ ನಿಂತು, "ಆ ಗೆರೆ ದಪ್ಪ ಆಯ್ತು" ಎಂದುಬಿಟ್ಟೆ. ಅವರು ಸಿಡುಕಿ, "ಹಂಗಾದ್ರೆ ನೀವೇ ಹಾಕಿ ತಾಯಿ" ಎಂದು ಕುಂಚ ಮುಂದೆ ಹಿಡಿದರು. ಹಾಕಿದೆ.

ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಡಯಲುಗಳ ಮೇಲೆ ಅಂಕಿ ಬರೆದ ಕೈ ಇದು. ಯಂತ್ರ ಬಂದು ನಮ್ಮನ್ನೆಲ್ಲ ಮನೆಗೆ ಕಳಿಸಿದಾಗ ನಿನಗೆ ಹದಿನಾರು. ಆಮೇಲೆ ಆ ಕೈ ಪಾತ್ರೆ ತಿಕ್ಕಿತು, ಬಟ್ಟೆ ಹಿಂಡಿತು. ಅದಕ್ಕೊಂದು ವಿದ್ಯೆ ಬರುತ್ತದೆಂಬುದನ್ನು ನಾನೂ ಮರೆತಿದ್ದೆ. ಮೇಷ್ಟ್ರು ಭೂತಗನ್ನಡಿಯಲ್ಲಿ ನನ್ನ ಗೆರೆ ನೋಡಿ, "ನಾಳೆ ಹತ್ತಕ್ಕೆ ಬನ್ನಿ" ಎಂದರು.

ಮೊದಲು ಬಂದವಳು ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಹೆಂಗಸು. ಒಲೆಯ ಬೆಂಕಿ ಮುಖಕ್ಕೆ ಹಾರಿ ಎಡಗಣ್ಣು ಹೋಗಿತ್ತು. ಹನ್ನೊಂದು ವರ್ಷದಿಂದ ಯಾರೆದುರಿಗೂ ಕಪ್ಪು ಕನ್ನಡಕ ತೆಗೆದವಳಲ್ಲ. ಅಂಥವಳನ್ನು ಒಂದು ಗೇಣು ದೂರದಲ್ಲಿ ಕೂರಿಸಿಕೊಂಡು, ಬಲಗಣ್ಣು ನೋಡಿಕೊಂಡೇ ಎಡಗಣ್ಣು ಬರೆಯಬೇಕು. ಮೊದಲನೆಯದು ಗೊಂಬೆಯ ಕಣ್ಣಾಯಿತು. "ಅಂದ ಜಾಸ್ತಿ ಆಯ್ತು. ನಿದ್ದೆಗೆಟ್ಟ ಕಣ್ಣು ಅದು, ಕಾಣಲ್ವಾ?" ಎಂದು ಮೇಷ್ಟ್ರು ಬೈದರು. ಎರಡನೆಯದಕ್ಕೆ ಬಿಳಿಯಲ್ಲಿ ಕೊಂಚ ಹಳದಿ ಬೆರೆಸಿದೆ. ಕೆಂಪು ರೇಷ್ಮೆಯ ಎಳೆಯನ್ನು ಸೀಳಿ ಸೀಳಿ, ನರಗಳ ಹಾಗೆ ಅಂಟಿಸಿದೆ. ಮೂರು ದಿನ ಹಿಡಿಯಿತು.

ಕೂರಿಸಿದ ಮೇಲೆ ಅವಳು ಕನ್ನಡಿಯನ್ನು ಬಹಳ ಹೊತ್ತು ಬಿಡಲಿಲ್ಲ. "ಸುಸ್ತಾದಂಗೆ ಕಾಣ್ತೀನಿ, ಅಲ್ವಾ ಅಕ್ಕ?" ಎಂದು ನನ್ನನ್ನು ಕೇಳಿದಳು. ಹೌದು ಎಂದೆ. "ಎರಡು ಕಣ್ಣಲ್ಲೂ!" ಎಂದು ನಕ್ಕು, ನಗುತ್ತಲೇ ಅತ್ತಳು. ನರ್ಸೂ ಅತ್ತಳು. ಮೇಷ್ಟ್ರು ಮೂಗು ಒರೆಸಿಕೊಂಡರು. ನನಗೆ ಏನೂ ಆಗಲಿಲ್ಲ. ಕುಂಚ ತೊಳೆದಿಟ್ಟೆ.

ಆದರೆ ಬಸ್ಸಿನಲ್ಲಿ ಬರುವಾಗ ಹಸಿವಾಯಿತು. ನಿನಗಿದು ಸಣ್ಣ ಮಾತು. ಅಪ್ಪ ಹೋದಾಗಿನಿಂದ ನಾನು ಗಂಟೆ ನೋಡಿ ಉಣ್ಣುತ್ತಿದ್ದೆ. ಅವತ್ತು ಮನೆಗೆ ಬಂದವಳು ಚೀಲವನ್ನೂ ಇಳಿಸದೆ, ಅಡುಗೆಮನೆಯಲ್ಲಿ ನಿಂತೇ ತಟ್ಟೆ ಖಾಲಿ ಮಾಡಿದೆ.

ಇದಕ್ಕೇ ಹುಟ್ಟಿದ್ದೆ ಎಂದೆಲ್ಲ ಹೇಳಲಾರೆ. ಅಷ್ಟು ದೊಡ್ಡ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ಬೆಳಗ್ಗೆ ಎದ್ದರೆ ಹೋಗುವುದಕ್ಕೊಂದು ಕಡೆ ಇದೆ, ನನ್ನ ಕೈಯಿಂದಲೇ ಆಗಬೇಕಾದದ್ದು ಅಲ್ಲಿದೆ. ಆಡಿಕೊಳ್ಳುವವರು ಆಡಿಕೊಳ್ಳಲಿ. ನೀನು ಸಿಟ್ಟು ಇಳಿದ ಮೇಲೆ ಬರೆ.

ನಿನ್ನ ಮೇಲೆ ಸಿಟ್ಟಿಲ್ಲದ,
ಅಮ್ಮ

ಬಿಟ್ಟುಹೋದ ಮಾತು: ಅಪ್ಪನ ಕಣ್ಣು ಯಾವ ಬಣ್ಣದ್ದಾಗಿತ್ತು ಪುಟ್ಟಿ? ಕಪ್ಪು ಎನ್ನಬೇಡ. ಬರೀ ಕಪ್ಪು ಕಣ್ಣು ಯಾರಿಗೂ ಇರುವುದಿಲ್ಲ, ಈಗ ಗೊತ್ತಾಗಿದೆ. ಮೂವತ್ತೆಂಟು ವರ್ಷ ಅವರ ಎದುರಿಗೆ ಕೂತು ಉಂಡಿದ್ದೇನೆ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನಗೆ ಗೊತ್ತಿದ್ದರೆ, ಸಿಟ್ಟು ಇಳಿಯುವವರೆಗೆ ಕಾಯದೆ ಬರೆ.