ಸರ್ವಮಂಗಳನ ತಂಗಿಗೆ

ಬೆಳಕು ಮಾಸದ ಮೂವತ್ತೇಳನೆಯ ದಿನ, 2291

ಪ್ರೇಮಲೀಲಮ್ಮನವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಈಗ ಎಂಟೇ ತಿಂಗಳು, ಒಂದೊಂದಕ್ಕೂ ನಲವತ್ತೈದು ದಿನ ಚಿಲ್ಲರೆ. ನಿಮಗೂ ನನಗೂ ನಡುವೆ ಇನ್ನೂರ ಅರವತ್ತೈದು ವರ್ಷವಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ನಾನು ಕಲಿತದ್ದು ನಿಮ್ಮ ವಾರ್ಡಿನದೇ ಒಂದು ಹಳೆಯ ಪುಸ್ತಕದಿಂದ. ನನ್ನ ಹೆಸರು ಅಲರು, ವಯಸ್ಸು ಮೂವತ್ತನಾಲ್ಕು. ನಿಮ್ಮ ಅಕ್ಕ ಸರ್ವಮಂಗಳ ಈಗ ಮಲಗಿರುವಂಥದೇ ಒಂದು ಜಾಗದಲ್ಲಿ ಒಂಬತ್ತು ವಾರಗಳಿಂದ ಇದ್ದೇನೆ. ನೀವು ಮಾನಸಿಕ ಆಸ್ಪತ್ರೆ ಎನ್ನುವುದನ್ನು ನಾವು ಮನತಂಗು ಎನ್ನುತ್ತೇವೆ. ಈ ಕಾಗದಕ್ಕೆ ಹಿಂದೋಲೆ ಎಂದು ಹೆಸರು, ಅಂದರೆ ಕಳೆದುಹೋದ ಕಾಲದವರಿಗೆ ಬರೆದು, ಅವರ ಕಾಲದ ಬೇಕಾದ ದಿನಕ್ಕೆ ಕಳಿಸುವ ಪತ್ರ. ಇದೂ ಚಿಕಿತ್ಸೆಯಂತೆ. ಯಾರ ಮೇಲೆ ಏನಿದೆಯೋ ಬರೆದುಬಿಡು ಎಂದರು. ನನಗಿರುವುದು ನಿಮ್ಮ ಅಕ್ಕನ ಮೇಲೆ ಹೊಟ್ಟೆಕಿಚ್ಚು.

ಇಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದರೆ ಏನೂ ಇಲ್ಲ, ಅದೇ ನನ್ನ ಸಂಕಟ. ನಿಮಗಿಂತ ಹಿಂದೆ ಕಾಲಿಗೆ ಸರಪಳಿ ಹಾಕುತ್ತಿದ್ದರು, ತಲೆ ಬೋಳಿಸುತ್ತಿದ್ದರು, ಕಂಬಿ ಬಾಗಿಲಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ನಿಮ್ಮ ಕಾಲಕ್ಕೆ ಸರಪಳಿ ಹೋಗಿ ಬೀಗ ಉಳಿದಿತ್ತು. ನಮ್ಮಲ್ಲಿ ಬೀಗವೂ ಇಲ್ಲ. ಮಾತ್ರೆ ನುಂಗುವ ಕಷ್ಟವಿಲ್ಲ, ಔಷಧಿ ಗಾಳಿಯಲ್ಲೇ ಬರುತ್ತದೆ. ಮನಸ್ಸು ಕುಗ್ಗಿದಾಗ ಗೋಡೆ ತಾನಾಗಿಯೇ ಬೆಚ್ಚಗಾಗುತ್ತದೆ. ಹಾಸಿಗೆಯ ಪಕ್ಕದಲ್ಲಿ ಆಲಿಗ ಇರುತ್ತದೆ, ಎಂದರೆ ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವ ಯಂತ್ರ. ಹೇಳಿದ್ದನ್ನೇ ನೂರು ಸಲ ಹೇಳಿದರೂ ಅದಕ್ಕೆ ಬೇಸರವಿಲ್ಲ, ಆಕಳಿಕೆಯಿಲ್ಲ. ನಾನು ತಟ್ಟೆ ಎಸೆದರೆ ಇನ್ನೊಂದು ತಟ್ಟೆ ಬರುತ್ತದೆ, ಅಷ್ಟೇ. ಒಂಬತ್ತು ವಾರದಿಂದ ನನ್ನ ಮೇಲೆ ಯಾರೂ ರೇಗಿಲ್ಲ.

ಹೀಗಿರುವಾಗ ಓದಲು ಕೊಟ್ಟ ಹಳೆಯ ಕಡತಗಳಲ್ಲಿ ನಿಮ್ಮ ವಾರ್ಡಿನ ದಿನಚರಿ ಸಿಕ್ಕಿತು, ನಿಮ್ಮ ಗ್ರೇಸ್ ಸಿಸ್ಟರ್ ಬರೆದದ್ದು. ಆಕೆ ಬಿ.ಪಿ., ಮಾತ್ರೆ ಎಂದು ಬರೆದು ಸುಮ್ಮನಾಗದೆ ಆಡಿದ ಮಾತನ್ನೆಲ್ಲ ಆಡಿದ ಹಾಗೇ ಬರೆದಿದ್ದಾಳೆ, ಪುಣ್ಯಾತ್ಗಿತ್ತಿ. ರೋಗಿಯ ಜೊತೆಗೆ ಮನೆಯವರೊಬ್ಬರು ಇರಲೇಬೇಕೆಂಬುದು ಅಲ್ಲಿನ ನಿಯಮವಂತೆ. ಮಂಚದ ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ನೀವು. ಮೂರನೆಯ ದಿನ: "ಎದ್ದೇಳಕ್ಕಾ, ತಲೆ ನೋಡು, ಕಾಗೆ ಗೂಡಾಗೈತೆ. ತಿರುಗು, ಬಾಚ್ತೀನಿ." ಎಂಟನೆಯ ದಿನ: "ಒಂದೇ ಒಂದು ತುತ್ತು. ಆಮೇಲೆ ನಿನ್ನ ತಂಟೆಗೆ ಬಂದ್ರೆ ಕೇಳು." ಹನ್ನೆರಡನೆಯ ದಿನ ಅವಳು ನಿಮ್ಮ ಕೈ ಕಚ್ಚಿದಳು. ನೀವು ಅಳುತ್ತಲೇ, "ಕಚ್ಚು, ಇನ್ನೊಂದು ಕೈನೂ ಕಚ್ಚು, ನಿನ್ ಬಿಟ್ಟು ಎಲ್ಲಿಗೋಗ್ಲಿ ನಾನು?" ಎಂದಿರಿ. ಅಯ್ಯೋ, ಓದಿ ನನ್ನ ಹೊಟ್ಟೆ ಉರಿದುಹೋಯಿತು! ಯಾವ ಜನ್ಮದ ಪುಣ್ಯಕ್ಕೆ ಇವಳಿಗೆ ಇಷ್ಟೊಂದು ಬೈಗುಳ? ಅಷ್ಟಾದರೂ ಬಾಯಿ ತೆರೆಯದೆ ಗೋಡೆಯ ಕಡೆ ತಿರುಗಿ ಮಲಗುತ್ತಾಳಲ್ಲ, ಅವಳಿಗೆಷ್ಟು ಕೊಬ್ಬು ಎಂದುಕೊಂಡೆ. ನಾನೂ ಹಾಗೇ ಮಲಗುತ್ತೇನೆ, ಅದು ಕೊಬ್ಬಲ್ಲವೆಂದು ಗೊತ್ತಿದ್ದೂ ಅಂದುಕೊಂಡೆ.

ನಮ್ಮಲ್ಲಿ ಬಿಡುವಳಿ ಎಂಬ ಕಾನೂನಿದೆ. ಮನತಂಗು ಸೇರಿದವರ ಹೊಣೆ ಮನೆಯವರ ಮೇಲೆ ಇರುವುದಿಲ್ಲ. ಸುಮ್ಮನೆ ಬಂದ ಕಾನೂನಲ್ಲ. ಸುಳ್ಳು ವಿಳಾಸ ಕೊಟ್ಟು ಬಿಟ್ಟುಹೋದವರು, ಮನೆಯ ಹಿತ್ತಲಲ್ಲಿ ಕಟ್ಟಿಹಾಕಿದವರು, ಇನ್ನೊಬ್ಬರನ್ನು ನೋಡಿಕೊಳ್ಳುತ್ತಲೇ ತಾವೇ ಹಾಸಿಗೆ ಹಿಡಿದ ಹೆಂಗಸರು, ಎಲ್ಲರ ಕತೆಯೂ ಅದರ ಹಿಂದಿದೆ. ಆದರೂ ರೋಗಿ ಒಬ್ಬರನ್ನು ಒಂದೇ ಒಂದು ಸಲ ಕರೆಯಬಹುದು. ನಾನು ನನ್ನ ತಂಗಿಯನ್ನು ಕರೆದೆ. ಹೊನಲು ಎಂದು ಅವಳ ಹೆಸರು. ಮೂರು ದಿನ ಇದ್ದು ಹೋಗು ಎಂದು ಕೇಳಿದೆ. ಇವತ್ತು ಬೆಳಿಗ್ಗೆ ಅವಳ ದನಿಯಲ್ಲೇ ಉತ್ತರ ಬಂತು: "ಅಕ್ಕಾ, ಅಲ್ಲಿ ನಿಂಗೇನೂ ಕಮ್ಮಿ ಇಲ್ವಲ್ಲ, ನಾನು ಬಂದು ಏನು ಮಾಡ್ಲಿ? ಅವರು ನನಗಿಂತ ಚೆನ್ನಾಗಿ ನೋಡ್ಕೋತಾರೆ." ಸಿಟ್ಟಿನಿಂದ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದಳು. ಹೇಳಿದ್ದರಲ್ಲಿ ತಪ್ಪೂ ಇಲ್ಲ. ನಾನು ಆಲಿಗದ ಮುಂದೆ ಅತ್ತೆ. ಅದು ಚೆನ್ನಾಗಿ ಕೇಳಿಸಿಕೊಂಡಿತು.

ಆಮೇಲೆ ನಿಮ್ಮ ದಿನಚರಿ ಮತ್ತೆ ತೆಗೆದೆ. ಹತ್ತೊಂಬತ್ತನೆಯ ದಿನ ನೀವು ಗ್ರೇಸ್ ಸಿಸ್ಟರ್ ಹತ್ತಿರ ಹೋಗಿ, "ನನ್ ಕೈಲಿ ಇನ್ನಾಗಲ್ಲ ಸಿಸ್ಟರ್. ಬೆನ್ನು ಬಿದ್ದೋಗೈತೆ. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ಬಿಡ್ತೀನಿ, ಏನಾರ ಮಾಡ್ಕಳಿ" ಎಂದಿದ್ದೀರಿ. ಮುಂದಿನ ಪುಟಗಳು ನೀರು ಬಿದ್ದು ಹಾಳಾಗಿವೆ. ನೀವು ಹೋದಿರೋ ಉಳಿದಿರೋ ತಿಳಿಯುವ ದಾರಿ ಇಲ್ಲ. ಅದಕ್ಕೇ ಈ ಪತ್ರ ಹತ್ತೊಂಬತ್ತನೆಯ ದಿನವೇ ನಿಮಗೆ ಸಿಗುವಂತೆ ಕಳಿಸುತ್ತಿದ್ದೇನೆ.

ನಿಜ ಹೇಳಿಬಿಡುತ್ತೇನೆ. ಹೋಗಿ, ಖಂಡಿತ ಹೋಗಿ ಎಂದು ಬರೆಯುವುದಕ್ಕೇ ನಾನು ಕುಳಿತದ್ದು. ಸರ್ವಮಂಗಳನೂ ಒಂದು ಬೆಳಿಗ್ಗೆ ಎದ್ದು ಖಾಲಿ ಚಾಪೆ ನೋಡಲಿ, ಆಗ ನನ್ನ ಉರಿ ತಣ್ಣಗಾಗುತ್ತದೆ ಎಂದುಕೊಂಡೆ. ಎರಡು ಸಲ ಹಾಗೇ ಬರೆದು ಅಳಿಸಿದೆ. ನನ್ನ ತಂಗಿಯ ಉತ್ತರ ಇನ್ನೂ ಕಿವಿಯಲ್ಲಿದೆ, ಅಂಥದ್ದು ನಿಮ್ಮ ಅಕ್ಕನಿಗೂ ಸಿಗಲೆಂದು ಬಯಸಲು ನನ್ನಿಂದ ಆಗಲಿಲ್ಲ. ಬೆನ್ನು ನೋವಾದರೆ ಅವಳ ಮಂಚದ ಮೇಲೆಯೇ ಸ್ವಲ್ಪ ಹೊತ್ತು ಮಲಗಿ, ಅವಳೇ ಸರಿಯಲಿ. ಬೈಯಿರಿ, ಅವಳ ಮುಂದೆಯೇ ಅಳಿ, ಊಟದ ತಟ್ಟೆ ಕುಕ್ಕಿ ಇಡಿ. ನಿಮ್ಮ ಅಕ್ಕನನ್ನು ಕಂಡರೆ ನನಗಾಗದು, ಎಂದೆಂದಿಗೂ ಆಗದು. ಆದರೂ ಕೇಳುತ್ತಿದ್ದೇನೆ, ನಾಳೆ ಆ ಬಸ್ಸು ಹತ್ತಬೇಡಿ.

ಅಲರು