ಬೀರುವಿನೊಳಗೆ ಮೊಮ್ಮಗಳು

ಮಾರ್ಚ್ ೧೨, ಮಂಗಳವಾರ

ಮನೆಗೆ ಬೆಂಕಿ ಬಿದ್ದರೆ ಹೇಗೆ ಹೊರಗೋಡಬೇಕೆಂದು ಸಂಜೆ ಎಲ್ಲರೂ ಅಭ್ಯಾಸ ಮಾಡಿದೆವು. ಮಗ ಸೀಟಿ ಊದಿದ. ನಾನೂ ಸೊಸೆಯೂ ಗೇಟಿನ ಬಳಿ ಬಂದು ನಿಂತೆವು. ಮೊಮ್ಮಗಳು ಬರಲಿಲ್ಲ. ಹುಡುಕಿದರೆ ಬಟ್ಟೆಯ ಬೀರುವಿನಲ್ಲಿ ಮುದುರಿ ಕೂತಿದ್ದಳು.

"ಶ್, ತಾತ. ಇಲ್ಲಿದ್ರೆ ಬೆಂಕಿ ರಾಕ್ಷಸಂಗೆ ಕಾಣಲ್ಲ."

"ಯಾವ ರಾಕ್ಷಸ, ಮಾವ?" ಎಂದಳು ಸೊಸೆ.

ಕಣಜದಲ್ಲಿ ಅವಿತು ಬೆಂಕಿ ರಾಕ್ಷಸನಿಂದ ಬದುಕಿದ ಹುಡುಗಿಯ ಕಥೆ ಹೇಳಿದವನು ನಾನೇ. ತಲೆ ತಗ್ಗಿಸಿದೆ.

ಮಲಗಿಸುವಾಗ ಕಥೆ ತಿದ್ದಿದೆ. ಹುಡುಗಿ ಅಂಗಳಕ್ಕೆ ಓಡಿಬಂದಳು, ಅದಕ್ಕೇ ಬದುಕಿದಳು ಎಂದೆ.

"ಹಾಗಲ್ಲ ತಾತ, ನಿಂಗೆ ಮರೆತೋಗಿದೆ," ಎಂದು ಹಳೆಯದನ್ನೇ ಪೂರ್ತಿ ಒಪ್ಪಿಸಿದಳು. ಒಂದು ಮಾತೂ ತಪ್ಪಲಿಲ್ಲ. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದೆ.

ಬೀರುವಿಗೇನೋ ಬೀಗ ಹಾಕಿದೆ. ಮಂಚದ ಕೆಳಗೂ ಒಬ್ಬಳು ಅವಿತುಕೊಳ್ಳುವಷ್ಟು ಜಾಗವಿದೆ. ಅದಕ್ಕೆ ಏನು ಮಾಡಲಿ?